ಫಾರ್ಗೊ ಲಾರಿಗೆ ರೇಡಿಯೊ ಹಾಕಿದ್ದು

ಲಾರಿಯ ಮುಂದಿನ ಗಾಜಿನ ಮೇಲ್ಗಡೆ, ಸರಿಯಾಗಿ ನಡುವೆ, ಒಂದು ಕಬ್ಬಿಣದ ಕೊಕ್ಕೆ ಇದೆ. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ದಪ್ಪಗಾಗಿದೆ. ನಾನು ಹತ್ತು ವರ್ಷದ ಹುಡುಗ ಆಗಿದ್ದಾಗ ಆ ಕೊಕ್ಕೆಯಲ್ಲಿ ಚರ್ಮದ ಚೀಲದ ಟ್ರಾನ್ಸಿಸ್ಟರ್ ತೂಗುತ್ತಿತ್ತು. ಬೇಸಿಗೆ ರಜೆಯಲ್ಲಿ ಅದನ್ನು ತಿರುಗಿಸುವುದೇ ನನ್ನ ಕೆಲಸ.

ಸ್ಟೇಷನ್ ತಿರುಗಿಸುವುದಲ್ಲ. ರೇಡಿಯೊವನ್ನೇ ತಿರುಗಿಸುವುದು.

ಮಾವ ಶಿರಸಿಯಿಂದ ಅಡಿಕೆ ತುಂಬಿಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದರು. ಇಲ್ಲವಾದರೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ. ಬರುವಾಗ ಸಾಣಿಕಟ್ಟಾದ ಉಪ್ಪು ಹೇರಿಕೊಂಡು ಬರುತ್ತಿದ್ದರು. ಶಾಲೆಗೆ ರಜೆ ಬಿದ್ದರೆ ನಾನೂ ಜೊತೆಗೆ. ಕ್ಲೀನರ್ ಎಡಗಡೆ, ನಾನು ನಡುವೆ. ಘಟ್ಟದಲ್ಲಿ ಲಾರಿ ತಿರುವಿಗೆ ಬಂದ ಕೂಡಲೇ ಹಾಡು ಸಣ್ಣಗಾಗುತ್ತಿತ್ತು. ತಿರುವಿನ ನಡುವೆ ಪೂರ್ತಿ ಮಾಯ, ಬರೀ ಸೊರ್ ಅನ್ನುವ ಸದ್ದು. ತಿರುವು ಮುಗಿದು ಲಾರಿ ಹಿಂದುಮುಂದಾಗಿ ನಿಂತ ಹಾಗೆ ಆದಾಗ ಅದೇ ಹಾಡು ಮತ್ತೆ ಬರುತ್ತಿತ್ತು, ಒಂದು ಸಾಲು ಕಳೆದುಕೊಂಡು. ಮಾವನಿಗೆ ಆ ಒಂದು ಸಾಲು ಕಳೆಯುವುದೂ ಇಷ್ಟವಿಲ್ಲ. "ತಮ್ಮಾ, ತಿರುಗ್ಸು" ಎನ್ನುತ್ತಿದ್ದರು. ಲಾರಿ ಬಲಕ್ಕೆ ತಿರುಗಿದರೆ ನಾನು ರೇಡಿಯೊವನ್ನು ಎಡಕ್ಕೆ ತಿರುಗಿಸಬೇಕು, ಅಷ್ಟೇ ನಿಧಾನವಾಗಿ, ಅಷ್ಟೇ ಪ್ರಮಾಣದಲ್ಲಿ. ಒಂದು ವಾರದಲ್ಲಿ ನನಗೆ ಅದು ಎಷ್ಟು ರೂಢಿಯಾಯಿತೆಂದರೆ ದೇವಿಮನೆಯ ತಿರುವುಗಳು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತಿದ್ದವು.

ಇದಕ್ಕೆ ಕಾರಣ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಟ್ರಾನ್ಸಿಸ್ಟರ್ ಒಳಗೆ ಬೆರಳಿನಷ್ಟು ಉದ್ದದ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ. ಅದಕ್ಕೆ ತೆಳ್ಳಗಿನ ತಾಮ್ರದ ತಂತಿ ಸುತ್ತಿರುತ್ತಾರೆ. ಮೀಡಿಯಂ ವೇವ್‌ಗೆ ಅದೇ ಏರಿಯಲ್. ಅದರ ಮೈ ಸ್ಟೇಷನ್ ಕಡೆಗೆ ಅಡ್ಡಕ್ಕಿದ್ದರೆ ಚೆನ್ನಾಗಿ ಹಿಡಿಯುತ್ತದೆ. ತುದಿ ಸ್ಟೇಷನ್ ಕಡೆಗೆ ಬಿದ್ದರೆ ಏನೂ ಹಿಡಿಯುವುದಿಲ್ಲ. ಲಾರಿ ಅರ್ಧ ತಿರುಗಿದಾಗ ಕಡ್ಡಿಯ ತುದಿ ಧಾರವಾಡದ ಕಡೆ ಬೀಳುತ್ತಿತ್ತು, ಹಾಡು ಹೋಗುತ್ತಿತ್ತು. ಪೂರ್ತಿ ತಿರುಗಿದ ಮೇಲೆ ಮತ್ತೆ ಮೈ ಅಡ್ಡ ಬೀಳುತ್ತಿತ್ತು, ಹಾಡು ಬರುತ್ತಿತ್ತು. ಇಷ್ಟೇ ವಿಷಯ. ಆದರೆ ಆಗ ನನಗೆ ಧಾರವಾಡ ಆಕಾಶವಾಣಿಯನ್ನು ನಾನೇ ಕೈಯಲ್ಲಿ ಹಿಡಿದುಕೊಂಡು ಘಟ್ಟ ಇಳಿಯುತ್ತಿದ್ದೇನೆ ಅನ್ನಿಸುತ್ತಿತ್ತು.

ಆ ಲಾರಿ ಈಗಲೂ ನಮ್ಮ ಮನೆಯ ಹಿಂದೆ ಇದೆ. ಪ್ರೀಮಿಯರ್ ಕಂಪನಿಯ ಫಾರ್ಗೊ. ಫಾರ್ಗೊ ಮತ್ತು ಡಾಡ್ಜ್ ಎರಡೂ ಕ್ರೈಸ್ಲರ್‌ನ ಹೆಸರುಗಳು. ಗಾಡಿ ಬಹುಪಾಲು ಒಂದೇ, ಮೂಗಿನ ಮೇಲಿನ ಹೆಸರು ಬೇರೆ. ಈ ಕಂಪನಿಯ ಕಥೆಯಲ್ಲಿ ನಮ್ಮೂರ ಕಡೆಯವರಿಗೆ ಗೊತ್ತಿರಬೇಕಾದ ಒಂದು ಸಂಗತಿ ಇದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಗಾಡಿಗಳು ನಮ್ಮ ದೇಶದಲ್ಲೇ ತಯಾರಾಗಬೇಕು ಎಂದು ಹಟ ಹಿಡಿದು ಓಡಾಡಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ನಿಂತರು. ಬೆಂಗಳೂರಿನಲ್ಲೇ ಕಾರ್ಖಾನೆ ಕಟ್ಟುವ ಮಾತೂ ನಡೆದಿತ್ತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಾಲ್‌ಚಂದ್ ಅವರ ವಿಮಾನ ಕಾರ್ಖಾನೆ ಬಂತು, ಅದೇ ಮುಂದೆ ಎಚ್‌ಎಎಲ್ ಆಯಿತು. ಮೋಟಾರು ಕಂಪನಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂದು ಶುರುವಾಗಿ ಮುಂಬೈನ ಕುರ್ಲಾದಲ್ಲಿ ನೆಲೆಯಾಯಿತು. ನಮ್ಮ ಫಾರ್ಗೊದ ಬಾನೆಟ್ ಎತ್ತಿದಾಗಲೆಲ್ಲ ಇದು ಬೆಂಗಳೂರಿನಲ್ಲೇ ಹುಟ್ಟಬಹುದಾಗಿತ್ತಲ್ಲ ಅನ್ನಿಸುತ್ತದೆ.

ಲಾರಿಯನ್ನು ಸರಿಮಾಡಲು ಹೊರಟಾಗ ಎಂಜಿನ್ ಕೆಲಸ, ಬ್ರೇಕ್, ಟೈರ್ ಇವೆಲ್ಲಕ್ಕೂ ಎರಡು ವರ್ಷ ಹಿಡಿಯಿತು. ಅದರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ. ರೇಡಿಯೊ ಹಾಕುವುದು ಎಲ್ಲಕ್ಕಿಂತ ಸಣ್ಣ ಕೆಲಸ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನದ ಕೆಲಸ ಅಲ್ವಾ? ಅದು ನಾಲ್ಕು ತಿಂಗಳು ತೆಗೆದುಕೊಂಡಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪೇಟೆಗೆ ಹೋಗಿ ಹೊಸ ಸೆಟ್ ತಂದೆ. ಬ್ಲೂಟೂತ್ ಇದೆ, ಎಫ್‌ಎಂ ಇದೆ, ನೀಲಿ ದೀಪ ಇದೆ. ಅಂಗಡಿಯವರೇ ಒಬ್ಬ ಹುಡುಗನನ್ನು ಕಳಿಸಿದರು. ಅವನು ಕೆಂಪು ತಂತಿಯನ್ನು ಬ್ಯಾಟರಿಯಿಂದ ಬರುವ ತಂತಿಗೆ ಕೊಟ್ಟ, ಕಪ್ಪು ತಂತಿಯನ್ನು ಲಾರಿಯ ಬಾಡಿಗೆ, ಅಂದರೆ ಅದರ ಕಬ್ಬಿಣದ ಮೈಗೆ, ಕೊಟ್ಟ. ಫ್ಯೂಸ್ ಹಾರಿತು. ಇನ್ನೊಂದು ಫ್ಯೂಸ್ ಹಾಕಿದ. ಅದೂ ಹಾರಿತು. ಮೂರನೇ ಸಲ ಫ್ಯೂಸ್ ಇದ್ದ ಜಾಗಕ್ಕೆ ತಾಮ್ರದ ತಂತಿ ಸುತ್ತಿದ. ನಾನು ಪಕ್ಕದಲ್ಲೇ ನಿಂತಿದ್ದೆ, ಬೇಡ ಅನ್ನಲಿಲ್ಲ. ಸೆಟ್ಟಿನ ಸೀಳಿನಿಂದ ಬೆಳ್ಳಗಿನ ಹೊಗೆ ಬಂತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬ್ಯಾಟರಿಯ ಕೇಬಲ್ ಕೀಳುವಷ್ಟರಲ್ಲಿ ಹೊಸ ಸೆಟ್ ಹೋಗಿತ್ತು. ಆ ವಾಸನೆ ಕ್ಯಾಬಿನ್ನಿನಲ್ಲಿ ಎರಡು ದಿನ ಇತ್ತು. ದುಡ್ಡು ಹೋದದ್ದಕ್ಕಿಂತ, ಅಷ್ಟು ವರ್ಷ ಕಾಪಾಡಿಕೊಂಡು ಬಂದ ಗಾಡಿಗೆ ನನ್ನ ಕಣ್ಣೆದುರೇ ಬೆಂಕಿ ಬೀಳುತ್ತಿತ್ತಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ವಾರ ಹುಬ್ಬಳ್ಳಿಯಿಂದ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ನರನ್ನು ಕರೆದುಕೊಂಡು ಬಂದೆ. ಹಳೇ ಲಾರಿಗಳ ಡೈನಮೊ, ಅದರ ಕರೆಂಟನ್ನು ಹತೋಟಿಯಲ್ಲಿಡುವ ಕಟೌಟ್ ಪೆಟ್ಟಿಗೆ, ಇವುಗಳ ಕೆಲಸ ಮಾಡಿ ಪಳಗಿದವರು. ಅವರು ರೇಡಿಯೊ ಕಡೆ ನೋಡಲೇ ಇಲ್ಲ. ಸೀದಾ ಬ್ಯಾಟರಿ ಹತ್ತಿರ ಹೋದರು. ಮೀಟರಿನ ಒಂದು ಮೊನೆ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ತಾಗಿಸಿದರು, ಇನ್ನೊಂದನ್ನು ಬ್ಯಾಟರಿಗೆ.

"ಇದು ಉಲ್ಟಾ ಐತ್ರಿ ಸರ. ಬಾಡಿಗೆ ಪ್ಲಸ್ ಕೊಟ್ಟಾರ."

ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಚಾಸಿಗೆ ಜೋಡಿಸುತ್ತಾರೆ. ಗಾಡಿಯ ಇಡೀ ಕಬ್ಬಿಣ ಮೈನಸ್. ಆದರೆ 60ರ ದಶಕದ ನಡುವಿನವರೆಗೆ ಬ್ರಿಟಿಷ್ ಗಾಡಿಗಳಲ್ಲಿ, ಬ್ರಿಟನ್ನಿನ ಲೂಕಾಸ್ ಕಂಪನಿಯ ಪದ್ಧತಿಯ ಎಲೆಕ್ಟ್ರಿಕ್ ಸಾಮಾನುಗಳಲ್ಲಿ, ಪ್ಲಸ್ಸನ್ನೇ ಬಾಡಿಗೆ ಕೊಡುವುದು ಮಾಮೂಲು. ನಮ್ಮ ಲಾರಿಗೆ ಯಾವ ಕಾಲದಲ್ಲೋ ಲೂಕಾಸ್ ಡೈನಮೊ ಕೂರಿಸಿ, ವೈರಿಂಗ್ ಎಲ್ಲ ಅದೇ ಪದ್ಧತಿಗೆ ಮಾಡಿದ್ದರು. ದೀಪಕ್ಕೆ ಪ್ಲಸ್ ಯಾವುದು ಮೈನಸ್ ಯಾವುದು ಎಂಬ ಚಿಂತೆ ಇಲ್ಲ. ಹಾರ್ನಿಗೂ ಇಲ್ಲ. ಹಾಗಾಗಿ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ರೇಡಿಯೊಗೆ ಮಾತ್ರ ಗೊತ್ತಾಯಿತು.

ಹಳೇ ಗಾಡಿ ಇಟ್ಟುಕೊಂಡಿರುವ ಗೆಳೆಯರಿಗೆ ನಾನು ಮೊದಲು ಹೇಳುವುದು ಇದನ್ನೇ. ತಂತಿಯ ಬಣ್ಣ ನಂಬಬೇಡಿ. ಐವತ್ತು ವರ್ಷದಲ್ಲಿ ಎಷ್ಟು ಜನ ಎಷ್ಟು ಬಣ್ಣದ ತಂತಿ ಹಾಕಿರುತ್ತಾರೋ. ಮೀಟರ್ ಹಿಡಿದು ಬಾಡಿಗೆ ಯಾವುದು ಹೋಗಿದೆ ನೋಡಿ. ಆಮೇಲೆ ವೋಲ್ಟ್ ನೋಡಿ. ನಮ್ಮದು 12 ವೋಲ್ಟ್. ಕೆಲವು ಲಾರಿಗಳಲ್ಲಿ ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಅಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದು ರೇಡಿಯೊಗೆ ಕೊಡುವವರಿದ್ದಾರೆ. ಸ್ವಲ್ಪ ದಿನ ನಡೆಯುತ್ತದೆ. ಆಮೇಲೆ ಒಂದು ಬ್ಯಾಟರಿ ಖಾಲಿ, ಇನ್ನೊಂದು ಜಾಸ್ತಿ ಚಾರ್ಜ್ ಆಗಿ ಕುದಿಯುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದೇ ಸರಿ.

"ಉಲ್ಟಾ ಇದ್ದಿದ್ದನ್ನ ಸುಲ್ಟಾ ಮಾಡೂಣೇನ್ರಿ?" ಎಂದು ಹುಬ್ಬಳ್ಳಿಯವರು ಕೇಳಿದರು. ಮಾಡಬಹುದು. ಡೀಸೆಲ್ ಲಾರಿಯಲ್ಲಿ ಅದು ಅಂಥ ಕಷ್ಟವೂ ಅಲ್ಲ, ಇಗ್ನಿಷನ್ ಕಾಯಿಲ್ ಎಂಬುದೇ ಇಲ್ಲವಲ್ಲ. ಬ್ಯಾಟರಿಯ ಕೇಬಲ್ ಅದಲುಬದಲು ಮಾಡಬೇಕು. ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರಿನ ಎರಡು ತಂತಿ ಅದಲುಬದಲು ಮಾಡಬೇಕು. ಡೈನಮೊದ ಎಫ್ (ಫೀಲ್ಡ್) ತುದಿಯ ತಂತಿ ಬಿಚ್ಚಿ, ಆ ತುದಿಗೆ ಬ್ಯಾಟರಿಯಿಂದ ಒಂದೆರಡು ಕ್ಷಣ ಕರೆಂಟ್ ಮುಟ್ಟಿಸಬೇಕು. ಅದರ ಒಳಗಿನ ಕಬ್ಬಿಣದಲ್ಲಿ ಉಳಿದಿರುವ ಕಾಂತಶಕ್ತಿ ದಿಕ್ಕು ಬದಲಿಸುತ್ತದೆ, ಆಮೇಲೆ ಅದು ಹೊಸ ದಿಕ್ಕಿನಲ್ಲೇ ಕರೆಂಟ್ ಕೊಡುತ್ತದೆ. ಸೆಲ್ಫ್ ಮೋಟಾರಿಗೆ ಏನೂ ಮಾಡಬೇಕಿಲ್ಲ, ಹೇಗೆ ಕೊಟ್ಟರೂ ಅದು ಒಂದೇ ಕಡೆ ತಿರುಗುತ್ತದೆ.

ನಾನು ಬೇಡ ಎಂದೆ. ಅರವತ್ತು ವರ್ಷ ಈ ಗಾಡಿ ಹೀಗೇ ಓಡಿದೆ. ಅರ್ಧ ಕೆಜಿಯ ಒಂದು ಪೆಟ್ಟಿಗೆ ಬಂದು, ನಾಲ್ಕು ಟನ್ನಿನ ಲಾರಿಗೆ ನೀನು ಬದಲಾಗು ಎನ್ನುವುದು ನನಗೆ ಸರಿಕಾಣಲಿಲ್ಲ. ಲಾರಿಗೆ ಒಪ್ಪುವ ರೇಡಿಯೊ ಹುಡುಕಬೇಕು. ಇಷ್ಟು ತೀರ್ಮಾನ ಆದ ಮೇಲೆ ಮುಂದಿನದೆಲ್ಲ ತಾನಾಗಿ ದಾರಿಗೆ ಬಂತು.

ಬೆಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕಿತು. ಫಿಲಿಪ್ಸ್‌ನ ಹಳೇ ಕಾರ್ ರೇಡಿಯೊ. ಮೀಡಿಯಂ ವೇವ್ ಮಾತ್ರ. ಎರಡು ಗುಂಡಿ, ನಡುವೆ ದಂತದ ಬಣ್ಣದ ಐದು ಒತ್ತುಗುಂಡಿ. ಹಿಂದೆ ತಿರುಗಿಸಿ ನೋಡಿದರೆ ಒಂದು ಪುಟ್ಟ ಪ್ಲಗ್, ಅದರ ಒಂದು ಮಗ್ಗುಲಿಗೆ ಪ್ಲಸ್ ಗುರುತು, ಇನ್ನೊಂದು ಮಗ್ಗುಲಿಗೆ ಮೈನಸ್. ಕಿತ್ತು ತಿರುಗಿಸಿ ಹಾಕಿದರೆ ಸೆಟ್ ಯಾವ ಥರದ ಗಾಡಿಗೆ ಬೇಕಾದರೂ ಒಪ್ಪುತ್ತದೆ. ಎರಡೂ ಥರದ ಗಾಡಿಗಳು ರಸ್ತೆಯಲ್ಲಿದ್ದ ಕಾಲದಲ್ಲಿ ಮಾಡಿದ ಸೆಟ್ ಅದು. ನಮ್ಮ ಲಾರಿಯ ಭಾಷೆ ಅದಕ್ಕೆ ಗೊತ್ತಿತ್ತು. ಅಂಗಡಿಯಲ್ಲೇ ನಿಂತು ಆ ಪ್ಲಗ್ಗನ್ನು ನಾಲ್ಕು ಸಲ ಕಿತ್ತು ಹಾಕಿ ನೋಡಿದೆ.

ಮನೆಗೆ ತಂದು ಮುಚ್ಚಳ ಬಿಚ್ಚಿದೆ. ಒಳಗೆ ಜೇಡರ ಬಲೆ, ಕಂದು ಧೂಳು. ಮನೆಯ ರೇಡಿಯೊಗಳಲ್ಲಿ ಸ್ಟೇಷನ್ ಹಿಡಿಯಲು ಅಲ್ಯೂಮಿನಿಯಂ ರೆಕ್ಕೆಗಳ ಕಂಡೆನ್ಸರ್ ಇರುತ್ತದಲ್ಲ, ಇದರಲ್ಲಿ ಅದಿಲ್ಲ. ಗಾಡಿ ಕುಲುಕಿದರೆ ಆ ರೆಕ್ಕೆಗಳು ನಡುಗಿ ಸ್ಟೇಷನ್ನೂ ನಡುಗುತ್ತದೆ. ಅದಕ್ಕೇ ಕಾರ್ ರೇಡಿಯೊಗಳಲ್ಲಿ ಬೇರೆ ಉಪಾಯ ಮಾಡಿದ್ದರು. ಸಾಲಾಗಿ ಕಾಯಿಲ್‌ಗಳು, ಅವುಗಳ ಒಳಗೆ ಪೆನ್ಸಿಲ್ ಸೀಸದಂಥ ಕಡ್ಡಿಗಳು. ಗುಂಡಿ ತಿರುಗಿಸಿದರೆ ಎಲ್ಲ ಕಡ್ಡಿಗಳೂ ಒಟ್ಟಿಗೆ ಒಳಗೆ ಹೋಗುತ್ತವೆ, ಒಟ್ಟಿಗೆ ಹೊರಗೆ ಬರುತ್ತವೆ. ಒತ್ತುಗುಂಡಿ ಅದುಮಿದರೆ ಆ ಇಡೀ ಸಾಲು ಟಕ್ ಎಂದು ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತದೆ. ನಾನು ಕರೆಂಟ್ ಕೊಡುವ ಮೊದಲೇ ಹತ್ತು ನಿಮಿಷ ಅದನ್ನು ಒತ್ತುತ್ತಾ ಕೂತಿದ್ದೆ. ಬೇಕೆನಿಸಿದರೆ ಮೊಮ್ಮಗಳನ್ನು ಕೇಳಿ, ಅವಳೂ ಬಿಡಲಿಲ್ಲ.

ಕೆಟ್ಟಿದ್ದು ಎಲೆಕ್ಟ್ರೊಲೈಟಿಕ್ ಕಂಡೆನ್ಸರ್‌ಗಳು. ಒಣಗಿ ಹೋಗಿದ್ದವು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹೊಸದು ತರಿಸಿ ಒಂದೊಂದನ್ನೇ ಬೆಸೆದೆ. ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ಎಲ್ಲ ಸರಿಯಾಗಿದ್ದವು. ಅವುಗಳಿಗೆ ಬಿಸಿ ಆಗಿಬರುವುದಿಲ್ಲ. ನಮ್ಮ ಲಾರಿಯಲ್ಲಿ ಎಂಜಿನ್ನಿನ ಝಳ ನೇರ ಕಾಲಿನ ಹತ್ತಿರ ಬರುತ್ತದೆ. ಹಾಗಾಗಿ ಸೆಟ್ಟನ್ನು ಕೆಳಗೆ ತೂಗುಹಾಕದೆ, ಡ್ಯಾಶ್‌ಬೋರ್ಡಿನ ಎಡತುದಿಯ ಅಡಿಗೆ ಎರಡು ಕಬ್ಬಿಣದ ಪಟ್ಟಿ ಕೊಟ್ಟು ಕೂರಿಸಿದೆ. ಮೊದಲೇ ಇದ್ದ ಬೋಲ್ಟುಗಳಿಗೇ ಆ ಪಟ್ಟಿ ಕಟ್ಟಿದ್ದು. ಡ್ಯಾಶ್‌ಬೋರ್ಡಿಗೆ ಒಂದೇ ಒಂದು ತೂತು ಹೊಡೆಯಲಿಲ್ಲ. ಹಳೇ ಗಾಡಿಯ ತಗಡನ್ನು ಚೌಕಾಕಾರವಾಗಿ ಕತ್ತರಿಸಿ ಹೊಸ ಸೆಟ್ ಕೂರಿಸಿದ ಫೋಟೊ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸೆಟ್ ಐದು ವರ್ಷಕ್ಕೆ ಹಳತಾಗುತ್ತದೆ, ಆ ತೂತು ಹಾಗೇ ಇರುತ್ತದೆ.

"ಮೀಡಿಯಂ ವೇವ್ ಈಗ ಯಾರು ಕೇಳ್ತಾರೆ?" ಎಂದು ಎಷ್ಟೋ ಜನ ಕೇಳಿದರು. ಘಟ್ಟದಲ್ಲಿ ಓಡಾಡುವವರು ಕೇಳಬಹುದು. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುವುದು, ಗುಡ್ಡ ಅಡ್ಡ ಬಂದರೆ ಮುಗಿಯಿತು. ಮೀಡಿಯಂ ವೇವ್ ನೆಲವನ್ನು ತಬ್ಬಿಕೊಂಡು ಹೋಗುತ್ತದೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅದು ಮಾತಾಡುವುದು 765 ಕಿಲೋಹರ್ಟ್ಸ್‌ನಲ್ಲಿ. ಲೆಕ್ಕ ಹಾಕಿದರೆ ಒಂದೊಂದು ಅಲೆ ಸುಮಾರು 392 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ನಮ್ಮ ಸಣ್ಣಪುಟ್ಟ ಗುಡ್ಡ, ಮರ, ತಿರುವು ಅಷ್ಟಾಗಿ ಲೆಕ್ಕಕ್ಕಿಲ್ಲ. ರಾತ್ರಿಯಂತೂ ಇನ್ನೂ ಚೆಂದ. ಹಗಲು ಆಕಾಶದಲ್ಲಿ ಈ ಅಲೆಗಳನ್ನು ಹೀರಿಕೊಳ್ಳುವ ಒಂದು ಪದರ ಇರುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗುತ್ತದೆ. ಆಗ ಅಲೆ ಇನ್ನೂ ಮೇಲಿನ ಪದರಕ್ಕೆ ಬಡಿದು ವಾಪಸ್ ಬರುತ್ತದೆ, ನೂರಾರು ಮೈಲಿ ಆಚೆಯ ಸ್ಟೇಷನ್‌ಗಳು ಮನೆಬಾಗಿಲಿಗೆ ಬಂದುಬಿಡುತ್ತವೆ. ರಾತ್ರಿ ಲಾರಿ ಓಡಿಸಿದವರಿಗೆಲ್ಲ ಇದು ಗೊತ್ತು, ಕಾರಣ ಗೊತ್ತಿಲ್ಲದಿದ್ದರೂ.

ಇನ್ನು ಸ್ಪೀಕರ್. ಇಲ್ಲಿ ನನಗೆ ತುಂಬಾ ಹೇಳುವುದಿದೆ.

ಹಳೇ ಸೆಟ್ಟಿನ ತಾಕತ್ತು ಕೆಲವೇ ವ್ಯಾಟ್. ಎದುರಿಗೆ ಆರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಎಂಜಿನ್ ಇದೆ. ನನ್ನ ಅಳಿಯ ಒಂದು ಆಂಪ್ಲಿಫೈಯರ್ ಇಡೋಣ, 200 ವ್ಯಾಟ್ ಸಿಗುತ್ತೆ ಎಂದ. ನಾನು ಒಪ್ಪಲಿಲ್ಲ. ವ್ಯಾಟ್ ಹತ್ತು ಪಟ್ಟು ಮಾಡಿದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಕೇಳುತ್ತದೆ, ಅಷ್ಟೇ. ಅದರ ಬದಲು ಸ್ಪೀಕರನ್ನು ಕಿವಿಯ ಹತ್ತಿರ ತಂದರೆ ಏನೂ ಖರ್ಚಿಲ್ಲದೆ ಅದೇ ಲಾಭ. ಬಾಗಿಲ ಕೆಳಗೆ ಕೂರಿಸಿದ ಸ್ಪೀಕರ್ ಮೊಣಕಾಲಿಗೆ ಹಾಡು ಹೇಳುತ್ತದೆ. ನಮ್ಮ ಲಾರಿಗಳಲ್ಲಿ ಗಾಜಿನ ಮೇಲೆ ಮರದ ಹಲಗೆ ಇರುತ್ತದಲ್ಲ, ದೇವರ ಫೋಟೊ, ಊದುಬತ್ತಿ, ಕಾಗದಪತ್ರ ಇಡುವ ಜಾಗ, ಅಲ್ಲಿಂದ ಡ್ರೈವರ್ ಕಿವಿಗೆ ಎರಡೂವರೆ ಅಡಿ. ಅಲ್ಲೇ ಇಟ್ಟೆ. ಬಲಕ್ಕೊಂದು, ಎಡಕ್ಕೊಂದು.

ಸುಮ್ನೆ ಹಲಗೆಯ ಮೇಲೆ ಸ್ಪೀಕರ್ ಇಟ್ಟರೆ ಸದ್ದು ಬರುತ್ತದೆ, ಆದರೆ ಗಂಟಲು ಕಟ್ಟಿದ ಹಾಗೆ. ಸ್ಪೀಕರಿನ ಕಾಗದ ಮುಂದಿನ ಗಾಳಿಯನ್ನು ತಳ್ಳುವಾಗಲೇ ಹಿಂದಿನ ಗಾಳಿಯನ್ನು ಎಳೆಯುತ್ತಿರುತ್ತದೆ. ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಅಂಚಿನಲ್ಲಿ ಸೇರಿ ಒಂದನ್ನೊಂದು ನುಂಗುತ್ತವೆ. ದಪ್ಪ ಸ್ವರಗಳು ಮೊದಲು ಹೋಗುತ್ತವೆ. ಹಿಂಭಾಗವನ್ನು ಪೆಟ್ಟಿಗೆಯಲ್ಲಿ ಮುಚ್ಚಿದರೆ ತಬಲಾದ ಎಡ ಕೇಳುತ್ತದೆ, ಸುದ್ದಿ ಓದುವವರ ಗಂಟಲಿನ ಎದೆಭಾಗ ಕೇಳುತ್ತದೆ.

ಪೆಟ್ಟಿಗೆಗೆ ಹಲಸಿನ ಮರ ಹಾಕಿದೆ. ವೀಣೆ ಮಾಡುವುದು ಅದರಲ್ಲೇ ಎಂಬ ಕಾರಣಕ್ಕಲ್ಲ. ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಒಂದು ಹಳೇ ಹಲಸಿನ ಹಲಗೆ ಬಿದ್ದಿತ್ತು. ನಮ್ಮ ಊರಿನ ಆಚಾರಿಗಳು ಅದನ್ನು ಉಜ್ಜಿದಾಗ ಒಳಗೆ ಅರಿಶಿನದ ಬಣ್ಣ ಬಂತು. ಮೂಲೆಗಳನ್ನು ಮೊಳೆ ಇಲ್ಲದೆ ಹಲ್ಲುಜೋಡಿಸಿ ಕೂಡಿಸಿಕೊಟ್ಟರು. ಮೊಳೆ ಹೊಡೆದರೆ ಲಾರಿಯ ನಡುಕಕ್ಕೆ ಆರು ತಿಂಗಳಲ್ಲಿ ಸಡಿಲವಾಗಿ ಜಿರಿಜಿರಿ ಅನ್ನುತ್ತದಂತೆ. ಒಳಗೆ ಹಳೇ ಕಂಬಳಿ ತುಂಡು ಅಂಟಿಸಿದೆ. ಪೆಟ್ಟಿಗೆಯ ಅಡಿಗೆ ಟ್ಯೂಬಿನ ರಬ್ಬರ್ ಕೊಟ್ಟೆ.

ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಆ ಲೆಕ್ಕ ತಪ್ಪಬಾರದು. ಸೆಟ್ಟಿನ ಹಿಂದೆ 4 ಓಮ್ ಎಂದು ಬರೆದಿದೆ. ಅದಕ್ಕಿಂತ ಕಡಿಮೆ ಓಮ್ ಹಾಕಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಕಾದು ಸಾಯುತ್ತದೆ. ಅದಕ್ಕೆ 8 ಓಮಿನ ಎರಡು ಸ್ಪೀಕರ್ ತಂದು ಸಮಾನಾಂತರ ಜೋಡಿಸಿದೆ, ಒಟ್ಟು 4. ಇನ್ನೊಂದು ಸಂಗತಿ, ಎರಡು ಸ್ಪೀಕರಿನ ಕಾಗದವೂ ಒಂದೇ ಸಲಕ್ಕೆ ಮುಂದೆ ಬರಬೇಕು. ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋದರೆ, ಇಬ್ಬರು ಒಂದೇ ಹಗ್ಗವನ್ನು ಎರಡು ಕಡೆ ಎಳೆದ ಹಾಗೆ. ಪರೀಕ್ಷೆ ಸುಲಭ. ಟಾರ್ಚಿನ ಒಂದು ಶೆಲ್ ಸಾಕು. ಸ್ಪೀಕರಿನ ಎರಡು ತುದಿಗೆ ತಂತಿ ಮುಟ್ಟಿಸಿ, ಕಾಗದದ ಮೇಲೆ ಬೆರಳು ಹಗುರವಾಗಿ ಇಟ್ಟುಕೊಳ್ಳಿ. ಟಪ್ ಎಂದು ಬೆರಳನ್ನು ಮೇಲೆ ತಳ್ಳಿದರೆ ಶೆಲ್ಲಿನ ಪ್ಲಸ್ ಮುಟ್ಟಿದ ತುದಿಗೆ ಒಂದು ಕೆಂಪು ಚುಕ್ಕೆ ಇಡಿ. ಎರಡೂ ಸ್ಪೀಕರಿನ ಕೆಂಪು ಚುಕ್ಕೆ ಒಟ್ಟಿಗೆ ಸೇರಬೇಕು.

ಹೊಸ ಸೆಟ್ ಹಾಕುವವರು ಇನ್ನೂ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡು ತಂತಿಯಲ್ಲೂ ಕರೆಂಟ್ ಇರುತ್ತದೆ. ಒಂದನ್ನೂ ಬಾಡಿಗೆ ಮುಟ್ಟಿಸಬಾರದು. ಹಳೇ ಗಾಡಿಗಳಲ್ಲಿ ಒಂದು ತಂತಿ ಉಳಿಸಲು ಬಾಡಿಗೇ ಕೊಟ್ಟಿರುತ್ತಾರೆ. ಆ ಹಳೇ ತಂತಿಗೆ ಹೊಸ ಸೆಟ್ ಜೋಡಿಸಿದರೆ ಮತ್ತೆ ಹೊಗೆ.

ಕೊನೆಗೆ ಏರಿಯಲ್. ನಿಜವಾದ ಪಾಠ ಕಲಿತದ್ದು ಇಲ್ಲೇ.

ನಾಲ್ಕು ಮಡಿಕೆಯ ಎಳೆಯುವ ಏರಿಯಲ್ ತಂದೆ. ಎಡಗಡೆಯ ಕನ್ನಡಿ ಕೂರಿಸಿದ ಪಟ್ಟಿಯಲ್ಲಿ ಒಂದು ಖಾಲಿ ತೂತು ಇತ್ತು. ಅಲ್ಲೇ ಬಿಗಿದೆ. ತಂತಿಯನ್ನು ಬಾಗಿಲ ಕೀಲಿನ ಸಂದಿನಿಂದ ಒಳಗೆ ತಂದೆ. ಸೆಟ್ ಹಾಕಿದರೆ ಧಾರವಾಡ ಬಂತು. ಆದರೆ ಬಡವಾಗಿ, ದೂರದಲ್ಲೆಲ್ಲೋ. ಎಂಜಿನ್ ಚಾಲೂ ಮಾಡಿದರೆ ಅದೂ ಇಲ್ಲ. ಕುಂಯ್ ಎಂಬ ಒಂದೇ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಮೇಲೇರುವ ಸದ್ದು.

ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹುಬ್ಬಳ್ಳಿಯವರು ಮಾಡಿದ್ದು ನೆನಪಾಯಿತು. ಮೀಟರಿನ ಒಂದು ಮೊನೆ ಏರಿಯಲ್ಲಿನ ಬುಡಕ್ಕೆ, ಇನ್ನೊಂದು ಚಾಸಿಗೆ. ಮುಳ್ಳು ಅಲುಗಲೇ ಇಲ್ಲ. ಎರಡಕ್ಕೂ ಸಂಬಂಧವೇ ಇಲ್ಲ!

ಆಗ ಹೊಳೆಯಿತು. ಈ ಲಾರಿ ಕುರ್ಲಾದಿಂದ ಬಂದಾಗ ಬರೀ ಚಾಸಿ, ಎಂಜಿನ್, ಮುಂದಿನ ಮೂಗು. ಕ್ಯಾಬಿನ್ ಕಟ್ಟಿದ್ದು ನಮ್ಮ ಕಡೆಯ ಬಡಗಿಗಳು. ಮರದ ಚೌಕಟ್ಟು, ಅದರ ಮೇಲೆ ತಗಡು, ತಗಡಿಗೆ ಮೊಳೆ. ಅಮೆರಿಕದ ಲಾರಿಯ ಕ್ಯಾಬಿನ್ ಇಡೀ ಕಬ್ಬಿಣ. ಅಲ್ಲಿ ಏರಿಯಲ್ ಎಲ್ಲಿ ಬಿಗಿದರೂ ಅದರ ಬುಡ ಗಾಡಿಯ ಮೈಗೆ ಸೇರಿರುತ್ತದೆ. ನಮ್ಮದು ಮರದ ಮನೆ. ಕನ್ನಡಿಯ ಪಟ್ಟಿ ಮರಕ್ಕೆ ಬಿಗಿದದ್ದು. ಏರಿಯಲ್ ಗಾಳಿಯಲ್ಲಿ ನಿಂತಿತ್ತು, ನೆಲ ಇಲ್ಲದೆ. ಗಾಡಿಯ ಕಬ್ಬಿಣವೇ ಅದಕ್ಕೆ ಇನ್ನರ್ಧ. ಆ ಅರ್ಧ ಇರಲಿಲ್ಲ.

ಹೆಣೆದ ತಾಮ್ರದ ಪಟ್ಟಿ ತಂದೆ, ಬೆರಳಗಲದ್ದು. ಏರಿಯಲ್ಲಿನ ಬುಡದಿಂದ ಚಾಸಿಗೆ ಎಳೆದೆ. ಚಾಸಿಯ ಮೇಲೆ ಬಣ್ಣ ಕೆರೆದು, ಹೊಳೆಯುವ ಕಬ್ಬಿಣ ಕಾಣುವವರೆಗೆ ಮರಳುಕಾಗದ ಉಜ್ಜಿ, ಬೋಲ್ಟ್ ಬಿಗಿದು, ತುಕ್ಕು ಹಿಡಿಯದಂತೆ ವ್ಯಾಸಲೀನ್ ಸವರಿದೆ. ಸೆಟ್ಟಿನ ಮೈಯಿಂದಲೂ ಒಂದು ಪಟ್ಟಿ. ಧಾರವಾಡ ಪಕ್ಕದ ಕೋಣೆಗೆ ಬಂದ ಹಾಗಾಯಿತು. ಇನ್ನೂ ಸ್ವಲ್ಪ ಬಾಕಿ ಇತ್ತು. ಹಳೇ ಸೆಟ್ಟುಗಳಲ್ಲಿ ಏರಿಯಲ್ ಚುಚ್ಚುವ ಜಾಗದ ಹತ್ತಿರ ಒಂದು ಸಣ್ಣ ಸ್ಕ್ರೂ ಇರುತ್ತದೆ. ಮೇಲ್ತುದಿಯಲ್ಲಿ, 1400 ಕಿಲೋಹರ್ಟ್ಸ್ ಆಸುಪಾಸು, ಕಷ್ಟಪಟ್ಟು ಕೇಳುವ ಒಂದು ಸ್ಟೇಷನ್ ಹಿಡಿದುಕೊಂಡು ಆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಸದ್ದು ಅತಿ ಜಾಸ್ತಿ ಆಗುವವರೆಗೆ. ಈ ಏರಿಯಲ್ಲಿಗೂ ಈ ಸೆಟ್ಟಿಗೂ ಹೊಂದಾಣಿಕೆ ಮಾಡಿಸುವ ಸ್ಕ್ರೂ ಅದು. ಏರಿಯಲ್ ಬದಲಿಸಿದರೆ ಮತ್ತೆ ಮಾಡಬೇಕು. ಎಷ್ಟೋ ಜನ ಇದನ್ನು ಮುಟ್ಟುವುದೇ ಇಲ್ಲ, ಸೆಟ್ ಹಳತಾಯಿತು ಎಂದು ಬಿಟ್ಟುಬಿಡುತ್ತಾರೆ.

ಏರಿಯಲ್ ಎಷ್ಟು ಉದ್ದ ಇರಬೇಕು ಎಂದು ಕೇಳುತ್ತಾರೆ. ಮೀಡಿಯಂ ವೇವ್‌ಗೆ ಉದ್ದ ಇದ್ದಷ್ಟೂ ಒಳ್ಳೆಯದು. 392 ಮೀಟರ್ ಅಲೆಯ ಎದುರು ನಾವು ಹಾಕುವುದೆಲ್ಲ ಗಿಡ್ಡವೇ. ಎಫ್‌ಎಂಗೆ ಹಾಗಲ್ಲ. ಬೆಂಗಳೂರಿನ ವಿವಿಧ ಭಾರತಿ 102.9 ಮೆಗಾಹರ್ಟ್ಸ್, ಅದರ ಅಲೆ ಮೂರು ಮೀಟರಿಗಿಂತ ಸ್ವಲ್ಪ ಕಡಿಮೆ. ಅದರ ಕಾಲುಭಾಗ, ಅಂದರೆ ಸುಮಾರು 73 ಸೆಂಟಿಮೀಟರ್ ಎಳೆದರೆ ಸರಿಯಾದ ಅಳತೆ. ಪೂರ್ತಿ ಎಳೆಯಬೇಕಿಲ್ಲ.

ಕುಂಯ್ ಸದ್ದು ಉಳಿದಿತ್ತು. ಡೀಸೆಲ್ ಗಾಡಿಯ ಪುಣ್ಯ, ಪ್ಲಗ್ ಇಲ್ಲ, ಕಿಡಿ ಇಲ್ಲ, ಪೆಟ್ರೋಲ್ ಗಾಡಿಯ ಪಟಪಟ ಇಲ್ಲ. ತೊಂದರೆ ಡೈನಮೊದ್ದು. ಅದರ ಕಾರ್ಬನ್ ಬ್ರಷ್ಷಿನ ಕೆಳಗೆ ಹುಟ್ಟುವ ಸಣ್ಣ ಕಿಡಿಗಳದ್ದು. ಬ್ರಷ್ ಹೊಸದು ಹಾಕಿ, ಡೈನಮೊದ ಡಿ ತುದಿಯಿಂದ, ಅಂದರೆ ಕರೆಂಟ್ ಹೊರಬರುವ ತುದಿಯಿಂದ, ಅದರ ಮೈಗೆ 1 ಮೈಕ್ರೊಫ್ಯಾರಡ್ ಕಂಡೆನ್ಸರ್ ಕೂಡಿಸಿದೆ. ಡಿ ತುದಿಗೆ ಮಾತ್ರ. ಎಫ್ ತುದಿಗೆ ಹಾಕಿದರೆ ಕಟೌಟ್ ಕೆಡುತ್ತದೆ. ಕುಂಯ್ ನಿಂತಿತು. ಈಗ ಊರೊಳಗೆ ಹೋದಾಗ ಬರುವ ಗೊರಗೊರ ನಮ್ಮ ಲಾರಿಯದಲ್ಲ, ಮನೆಮನೆಯ ಎಲ್‌ಇಡಿ ಬಲ್ಬಿನದು, ಚಾರ್ಜರಿನದು. ಊರು ದಾಟಿ ಕಾಡು ಸಿಕ್ಕಿದ ಕೂಡಲೇ ಸದ್ದು ತಿಳಿಯಾಗುತ್ತದೆ, ಹೊಳೆಯ ನೀರು ತಿಳಿಯಾದ ಹಾಗೆ.

ಎಲ್ಲ ಮುಗಿದ ಮೇಲೆ ಒಂದು ದಿನ ಬೆಳಗಿನ ಜಾವ ಲಾರಿ ಹೊರಡಿಸಿದೆವು. ಕುಮಟಾದವರೆಗೆ ಹೋಗಿ ಬರುವುದು. ಓಡಿಸಲು ಊರಿನ ಒಬ್ಬ ಡ್ರೈವರ್, ಎಡಗಡೆ ಮಾವ, ನಡುವೆ ನಾನು. ಮಾವನಿಗೆ ಎಂಬತ್ತು ದಾಟಿದೆ. ಹತ್ತಿಸಲು ಇಬ್ಬರು ಬೇಕಾಯಿತು. ಕೂತ ಮೇಲೆ ಮೊದಲು ಮಾಡಿದ್ದು ಹಲಗೆಯ ಮೇಲಿನ ದೇವರ ಫೋಟೊ ನೆಟ್ಟಗೆ ಮಾಡಿದ್ದು. ಆಮೇಲೆ ಹಲಸಿನ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಹಣ್ಣು ಬಲ್ತಿದ್ದು" ಎಂದರು.

ಗುಂಡಿ ತಿರುಗಿಸಿದೆ. ಆಕಾಶವಾಣಿಯ ಆ ಬೆಳಗಿನ ರಾಗ ಬಂತು. ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲು. 1930ರ ದಶಕದಲ್ಲಿ ಹಿಟ್ಲರನ ಕಾಟಕ್ಕೆ ಊರು ಬಿಟ್ಟು ಮುಂಬೈಗೆ ಬಂದ ಯಹೂದಿ ಸಂಗೀತಗಾರ ವಾಲ್ಟರ್ ಕಾಫ್‌ಮನ್ ಮಾಡಿದ ರಾಗ ಅದು. ಎಷ್ಟು ಮನೆಗಳ ಒಲೆ ಹೊತ್ತಿದ್ದು ಅದನ್ನು ಕೇಳಿ, ಎಷ್ಟು ಲಾರಿಗಳು ಹೊರಟದ್ದು ಅದನ್ನು ಕೇಳಿ. ಮಾವ ಏನೂ ಹೇಳಲಿಲ್ಲ. ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಸುದ್ದಿಗೆ ಮೊದಲು ಪೀಂಪೀಂ ಬಂದಾಗ ಕೀಲಿ ಒತ್ತಿ ಸಮಯ ಸರಿಮಾಡಿಕೊಂಡರು. ಡ್ರೈವರನಿಗೆ ರೇಡಿಯೊ ಅಂದರೆ ಬರೀ ಹಾಡಲ್ಲ. ಗಡಿಯಾರ ಅದು, ಪೇಟೆಯ ಧಾರಣೆ ಅದು, ಮುಂದೆ ಮಳೆ ಇದೆಯೋ ಇಲ್ಲವೋ ಎಂಬುದೂ ಅದೇ. ಟ್ರಾನ್ಸಿಸ್ಟರಿಗೆ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ಮಾವ ವರ್ಷ ತಪ್ಪದೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕದಲ್ಲಿ ಸ್ಟಾಂಪು ಹಾಕಿಸಿಕೊಂಡು ಬರುತ್ತಿದ್ದರು. ಆ ಪುಸ್ತಕ ಈಗಲೂ ಲಾರಿಯ ಕಾಗದಪತ್ರದ ಜೊತೆಗೇ ಇದೆ.

ದೇವಿಮನೆ ಘಟ್ಟ ಶುರುವಾಯಿತು. ಧಾರವಾಡದಿಂದ ಯಾವುದೋ ಭಾವಗೀತೆ ಬರುತ್ತಿತ್ತು. ಡ್ರೈವರ್ ಗೇರ್ ಇಳಿಸಿದ. ಎಂಜಿನ್ನಿನ ಸದ್ದು ದಪ್ಪಗಾಯಿತು, ಹಾಡು ಅದರ ಮೇಲೆ ತೇಲುತ್ತಾ ಇತ್ತು. ಮೊದಲನೇ ದೊಡ್ಡ ತಿರುವು ಬಂತು.

"ತಮ್ಮಾ, ತಿರುಗ್ಸು."

ಹೇಳಿದ್ದಷ್ಟೇ ಅಲ್ಲ, ಅವರ ಕೈಯೂ ಎದ್ದಿತ್ತು, ಖಾಲಿ ಕೊಕ್ಕೆಯ ಕಡೆಗೆ.

"ಬೇಕಿಲ್ಲ ಮಾವ. ಈ ಏರಿಯಲ್ ನೆಟ್ಟಗೆ ನಿಂತಿದೆ. ಎಲ್ಲಾ ದಿಕ್ಕಿಂದಲೂ ಒಂದೇ ಥರ ಹಿಡಿಯುತ್ತೆ."

ಲಾರಿ ತಿರುಗಿತು. ಹಾಡು ಹೋಗಲಿಲ್ಲ. ತಿರುವಿನ ನಡುವೆ ಮೊದಲು ಯಾವ ಜಾಗದಲ್ಲಿ ಮಾಯವಾಗುತ್ತಿತ್ತೋ ಅಲ್ಲೂ ಇತ್ತು. ಮಾವ ಕಿವಿ ಕೊಟ್ಟು ಕೇಳಿದರು. "ಹೌದಲ್ಲ" ಎಂದರು. ಕೈ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು.

ಮುಂದಿನ ತಿರುವಿನಲ್ಲಿ ಅದು ಮತ್ತೆ ಎದ್ದಿತು. ಆಮೇಲೆ ನಾನು ಹೇಳಲು ಹೋಗಲಿಲ್ಲ. ಕುಮಟಾ ಮುಟ್ಟುವವರೆಗೂ ತಿರುವು ಬಂದಾಗಲೆಲ್ಲ ಮಾವನ ಕೈ ಕೊಕ್ಕೆಯ ಹತ್ತಿರ ಹೋಗಿ, ಲಾರಿ ಬಲಕ್ಕೆ ತಿರುಗಿದರೆ ಎಡಕ್ಕೆ, ಎಡಕ್ಕೆ ತಿರುಗಿದರೆ ಬಲಕ್ಕೆ, ನಿಧಾನವಾಗಿ ತಿರುಗುತ್ತಿತ್ತು.